ತಲಿ ಬ್ಯಾನಿ

ಊರಿಗೊಬ್ಬ ಡಾಕ್ಟರನ್ನು ಕೊಡಲಾಗದ ಸರಕಾರ ಊರಿಗೊಂದು ಕಿವಿ ಕೊಟ್ಟಿತು. ಆ ಕಿವಿಯ ಹೆಸರು ‘ಆಲಿಸು’. ಹಿರೇಗಡ್ಡಿ ತಾಲ್ಲೂಕು ಆಸ್ಪತ್ರೆಯಲ್ಲಿ, ಮೊದಲು ತೂಕದ ಯಂತ್ರ ನಿಲ್ಲಿಸುತ್ತಿದ್ದ ಜಾಗದಲ್ಲಿ, ಅದನ್ನು ಗೋಡೆಗೆ ಕೂರಿಸಿದ್ದರು. ರೋಗಿ ಅದರ ಮುಂದಿನ ಸ್ಟೂಲಿನ ಮೇಲೆ ಕೂತು ತನ್ನ ಕಷ್ಟ ಹೇಳಿಕೊಳ್ಳಬೇಕು. ಅದು ಕೇಳಿಸಿಕೊಂಡು, ಒಂದೆರಡು ಮರುಪ್ರಶ್ನೆ ಹಾಕಿ, ಕಾಯಿಲೆಗೊಂದು ನಂಬರು ಕೊಡುತ್ತದೆ. ನಂಬರು ರಾಜಧಾನಿಯ ನಿಯಂತ್ರಣ ಕೊಠಡಿಗೆ ಹೋಗುತ್ತದೆ. ನಂಬರು ಇದ್ದರೆ ಪರೀಕ್ಷೆ, ಪರೀಕ್ಷೆಯಲ್ಲಿ ಕಂಡರೆ ಔಷಧಿ. ನಂಬರು ಸಿಗದವನಿಗೆ ಕಾಯಿಲೆಯೇ ಇಲ್ಲ ಎಂದು ಲೆಕ್ಕ.

ಡಾ. ಇಂದುಮತಿ ಹಡಪದ ಆ ಆಸ್ಪತ್ರೆಯಲ್ಲಿ ಉಳಿದಿದ್ದ ಒಬ್ಬಳೇ ಡಾಕ್ಟರು. ಆಲಿಸು ಕೆಲಸಕ್ಕೆ ಬಾರದ್ದೆಂದು ಅವಳು ಯಾವತ್ತೂ ಹೇಳಿದವಳಲ್ಲ. ಕೆಮ್ಮು ಕೇಳಿಯೇ ಕ್ಷಯ ಹಿಡಿಯುತ್ತಿತ್ತು, ಹಾವು ಕಚ್ಚಿದವರನ್ನು ಸಾಲಿನಲ್ಲಿ ಮುಂದೆ ತರುತ್ತಿತ್ತು. ಅವಳಿಗೆ ಮೈ ಉರಿಯುತ್ತಿದ್ದುದು ಒಂದೇ ನಿಯಮದ ಮೇಲೆ: ಯಂತ್ರ ನಂಬುವುದು ರೋಗಿಯ ಸ್ವಂತ ದನಿಯನ್ನು ಮಾತ್ರ. ಹಿಂದೆ ವಿಮೆಯ ಕಾಲದಲ್ಲಿ ದಲ್ಲಾಳಿಗಳು ಇಲ್ಲದ ರೋಗಿಗಳ ಹೆಸರಿನಲ್ಲಿ ಬಿಲ್ಲು ಎತ್ತಿದ್ದರಂತೆ. ಅದಕ್ಕೆ ಶಿಕ್ಷೆ ಡಾಕ್ಟರಿಗೆ. ಎಂಟು ವರ್ಷ ಓದಿದ ಇಂದುಮತಿಯ ಮಾತಿಗೆ ಆ ಗೋಡೆಯ ಮುಂದೆ ಮೂರು ಕಾಸಿನ ಬೆಲೆ ಇರಲಿಲ್ಲ.

ಅದೇ ಹೊತ್ತಿಗೆ ನದಿಜ್ವರದ ಲಸಿಕೆ ಬಂತು. ಕೃಷ್ಣೆಯ ಪ್ರವಾಹ ಇಳಿದ ಮೇಲೆ ಹಬ್ಬಿದ ಆ ಜ್ವರ ಎಂಥದೆಂದು ಹಿರೇಗಡ್ಡಿಯವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಲಸಿಕೆ ಬಂದದ್ದೇ ಜ್ವರ ಕಾಲಿಗೆ ಬುದ್ಧಿ ಹೇಳಿತು. ಇಂದುಮತಿ ಎಲ್ಲರೆದುರು ಮೊದಲು ತನ್ನ ತೋಳಿಗೇ ಚುಚ್ಚಿಸಿಕೊಂಡಿದ್ದಳು. ಆ ಲಸಿಕೆಯ ಮೇಲೆ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ, ಆಮೇಲೂ ಬರಲಿಲ್ಲ.

ಆದರೆ ಲಕ್ಷಕ್ಕೊಬ್ಬರಲ್ಲಿ ಅದು ಒಂದು ಎಡವಟ್ಟು ಮಾಡುತ್ತಿತ್ತು. ಚುಚ್ಚಿಸಿಕೊಂಡ ಒಂದೆರಡು ವಾರದಲ್ಲಿ ದೇಹ ತನ್ನದೇ ಪ್ಲೇಟ್‌ಲೆಟ್‌ನಿಂದ ಹೊರಬರುವ ಒಂದು ಪ್ರೋಟೀನನ್ನು ಶತ್ರುವೆಂದು ತಪ್ಪು ತಿಳಿದು ಅದರ ಮೇಲೆ ಬೀಳುತ್ತದೆ. ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತವೆ, ಮುಖ್ಯವಾಗಿ ಮೆದುಳಿನಿಂದ ರಕ್ತ ಇಳಿಸುವ ನಾಳಗಳಲ್ಲಿ. ಹಾಗೆ ಖರ್ಚಾದ್ದರಿಂದ ರಕ್ತ ಪರೀಕ್ಷೆ ಮಾಡಿದರೆ ಪ್ಲೇಟ್‌ಲೆಟ್ ಕಡಿಮೆ ತೋರಿಸುತ್ತದೆ. ಒಳಗೆ ಹೆಪ್ಪು, ಕಾಗದದ ಮೇಲೆ ಕೊರತೆ. ಡೆಂಗಿ ಎಂದುಕೊಂಡು ಪ್ಲೇಟ್‌ಲೆಟ್ ಏರಿಸಿದರೆ ಹೆಪ್ಪು ಇನ್ನೂ ಹೆಚ್ಚುತ್ತದೆ, ಹೆಪ್ಪು ಕರಗಲೆಂದು ಸಾಮಾನ್ಯವಾಗಿ ಕೊಡುವ ಹೆಪಾರಿನ್ ಕೊಟ್ಟರೂ ಅಪಾಯ. ಬೇಗ ಗುರುತಿಸಿದರೆ ಬದುಕಿಸಬಹುದು. ಗುರುತಿಸುವ ಮೊದಲ ಕುರುಹು ಬಿಡದ ತಲೆನೋವು.

ಸರಕಾರಕ್ಕೆ ಇದೆಲ್ಲ ಗೊತ್ತಿತ್ತು, ತಯಾರಿಯನ್ನೂ ಮಾಡಿತ್ತು. ಪ್ರತಿ ತಾಲ್ಲೂಕು ಆಸ್ಪತ್ರೆಗೆ ತಣ್ಣನೆಯ ಒಂದು ಉಕ್ಕಿನ ಬೀರು ಬಂತು. ಮೇಲಿನ ಖಾನೆಯಲ್ಲಿ, ಒಂದು ಹನಿ ರಕ್ತ ಹಾಕಿದರೆ ಆ ಕಾಯಿಲೆ ಹೌದೋ ಅಲ್ಲವೋ ಹೇಳುವ ಪಟ್ಟಿಗಳು. ಕೆಳಗಿನ ಖಾನೆಯಲ್ಲಿ ಔಷಧಿ. ಬೀಗ ಆಲಿಸುವಿನ ಕೈಯಲ್ಲಿ. ಯಾರಾದರೂ ಒಡೆಯಲು ಹೋದರೆ ಒಳಗೆ ಬಿಸಿ ಹರಿದು ಔಷಧಿ ಕೆಡುವಂಥ ಏರ್ಪಾಟು. ಕಳ್ಳನಿಗೆ ಸಿಗಬಾರದೆಂದು ರೋಗಿಗೂ ಸಿಗದಂತೆ ಮಾಡಿದ ಆ ಮಹಾನುಭಾವ ಯಾರೋ, ಅವನಿಗೆ ಪದೋನ್ನತಿಯೂ ಆಗಿರಬೇಕು.

ದಕ್ಷಿಣದ ಜಿಲ್ಲೆಗಳಲ್ಲಿ ಬೀರುಗಳು ತೆರೆದವು. ಸಿಕ್ಕ ರೋಗಿಗಳು ಬಹುಪಾಲು ಬದುಕಿದರು. ಉತ್ತರದ ನಾಲ್ಕು ಜಿಲ್ಲೆಗಳಲ್ಲಿ ಒಂದು ಬೀರೂ ಬಾಯಿ ಬಿಡಲಿಲ್ಲ. ಜಿಲ್ಲಾ ಸಭೆಯಲ್ಲಿ ಪರದೆಯ ಮೇಲೆ ಕಾಣಿಸಿಕೊಂಡ ಹಿರಿಯ ಅಧಿಕಾರಿಯೊಬ್ಬರು, ಆ ಕಡೆಯವರು ಜೋಳ ತಿನ್ನುವ ಜನ, ಅವರ ರಕ್ತಕ್ಕೆ ಏನೂ ಆಗುವುದಿಲ್ಲ ಎಂದು ತಮಾಷೆ ಮಾಡಿದರು. ಸಭೆ ನಕ್ಕಿತು. ಹಿಂದಿನ ತಿಂಗಳು ಪಕ್ಕದ ಹಳ್ಳಿಯ ಆಟೊ ಚಾಲಕನೊಬ್ಬ ತಲೆ ಹಿಡಿದುಕೊಂಡೇ ಸತ್ತದ್ದು ಇಂದುಮತಿಯ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಆಲಿಸು ಅವನ ಮಾತು ಕೇಳಿ ‘ಹೇಳಿಕೆ ಅಸಂಗತ’ ಎಂದು ಮುಚ್ಚಿಬಿಟ್ಟಿತ್ತು. ಖಾಸಗಿ ನರ್ಸಿಂಗ್ ಹೋಮಿನವರು ಡೆಂಗಿ ಎಂದು ಪ್ಲೇಟ್‌ಲೆಟ್ ಏರಿಸಿದ್ದರು.

ಸಭೆಯ ಮರುದಿನ ಮಧ್ಯಾಹ್ನ ಅವಳು ಊಟಕ್ಕೆ ಬಂದಳು. ಅವಳ ಬಾಡಿಗೆ ಕೋಣೆ ಇದ್ದದ್ದು ಅಂಬಕ್ಕನ ಖಾನಾವಳಿಯ ಮೇಲೆ. ಅಂಬಕ್ಕನಿಗೆ ಅರವತ್ತರ ಮೇಲಾಗಿತ್ತು, ಗಂಡನಿಲ್ಲ. ಮಗಳು ಸಾಬಮ್ಮನೂ ಅಳಿಯನೂ ಎರಡು ಮಕ್ಕಳೂ ಅವಳ ಜೊತೆಗೇ ಇದ್ದರು. ಅಳಿಯ ಗಾಡಿ ಹತ್ತಿ ಊರೂರಿಗೆ ಕಡಕ್ ರೊಟ್ಟಿ ಮುಟ್ಟಿಸುತ್ತಿದ್ದ. ರೊಟ್ಟಿ ಬಡಿಯುವುದರಲ್ಲಿ ಸಾಬಮ್ಮನ ಕೈಗೆ ಎದುರಿಲ್ಲವೆಂದು ಇಡೀ ತಾಲ್ಲೂಕೇ ಒಪ್ಪಿತ್ತು. ಆವತ್ತು ಒಲೆಯ ಮುಂದೆ ಅಂಬಕ್ಕ ಒಬ್ಬಳೇ ಕೂತಿದ್ದಳು.

ಮಗಳೆಲ್ಲಿ ಎಂದು ಕೇಳಿದ್ದಕ್ಕೆ ಅಂಬಕ್ಕ, ವಾರದಿಂದ ತಲಿ ಬ್ಯಾನಿ ಅಂತಿದ್ದಳು, ಇವತ್ತು ಏಳಲೇ ಇಲ್ಲ, ಒಲೆಯ ಹೊಗೆ ತಲೆಗೇರಿರಬೇಕು ಎಂದಳು. ಆಮೇಲೆ ಸೆರಗು ಬಾಯಿಗೆ ಹಿಡಿದು ನಗತೊಡಗಿದಳು.

“ನಿನ್ನಿ ದವಾಖಾನಿಗಿ ಹೋಗಿದ್ಳು ಬಾಯಾರ. ನಿಮ್ಮ ಮಿಷನ್ ಏನ್ ಹೇಳ್ತು ಗೊತ್ತೇನ್ರಿ? ಹೆರಿಗಿ ವಾರ್ಡಿಗಿ ಹೋಗು ಅಂತು. ಎರಡ ಮಕ್ಕಳಾಗಿ, ಆಪರೇಶನ್ ಆಗಿ ಕುಂತಾಕಿಗಿ ಹೆರಿಗಿ ಅಂತ. ಅಲ್ಲಿ ನರಸಬಾಯಿ ಬೈದು ಕಬ್ಬಿಣದ ಗುಳಿಗಿ ಕೊಟ್ಟು ಕಳಸ್ಯಾಳ.”

ಇಂದುಮತಿಯೂ ನಕ್ಕಳು. ತುತ್ತು ಬಾಯಿಗೆ ಹೋಗುವಷ್ಟರಲ್ಲಿ ನಗು ನಿಂತುಹೋಯಿತು.

ಬ್ಯಾನಿ. ಬೇನೆ. ಈ ಸೀಮೆಯಲ್ಲಿ ತಲೆ ನೊಂದರೂ ಬ್ಯಾನಿ, ಹಲ್ಲು ನೊಂದರೂ ಬ್ಯಾನಿ. ಅವಳು ಓದಲು ಹೋಗಿದ್ದ ದಕ್ಷಿಣದ ಊರಿನಲ್ಲಿ ಆ ಮಾತು ಹೆರುವ ಹೆಂಗಸಿಗೆ ಮಾತ್ರ ಮೀಸಲು. ಮೊದಲ ವಾರವೇ ಹಾಸ್ಟೆಲಿನಲ್ಲಿ ತನಗೆ ತಲಿ ಬ್ಯಾನಿ ಎಂದು ಹೇಳಿದಾಗ ಗೆಳತಿಯರು ಬಿದ್ದು ಬಿದ್ದು ನಕ್ಕಿದ್ದರು. ಅಂದಿನಿಂದ ಅವಳು ತಲೆನೋವು ಅನ್ನುವುದನ್ನು ರೂಢಿ ಮಾಡಿಕೊಂಡಿದ್ದಳು. ದಿನಕ್ಕೆ ನೂರು ಜನ ಅವಳೆದುರು ಬ್ಯಾನಿ ಎನ್ನುತ್ತಿದ್ದರು, ಅವಳ ಕಿವಿ ಅದನ್ನು ತಾನಾಗಿಯೇ ತಿರುವಿಕೊಳ್ಳುತ್ತಿತ್ತು. ಗೋಡೆಯ ಮೇಲಿನ ಕಿವಿಗೆ ಆ ತಿರುವು ಬಾರದೆಂಬುದು ಅವಳಿಗೆ ಹೊಳೆದೇ ಇರಲಿಲ್ಲ. ಗಂಡಸು ಬ್ಯಾನಿ ಎಂದರೆ ಅಸಂಗತ, ಹೆಂಗಸು ಅಂದರೆ ಗರ್ಭಿಣಿ. ನಾಲ್ಕು ಜಿಲ್ಲೆಯ ಸೊನ್ನೆ ಎಲ್ಲಿಂದ ಬಂತೆಂದು ಈಗ ತಿಳಿಯಿತು.

ಕೈ ತೊಳೆಯದೆ ಒಳಗೆ ಹೋದಳು. ಸಾಬಮ್ಮ ಬೆಳಕು ತಾಳದೆ ಕಣ್ಣಿಗೆ ಸೀರೆ ಕಟ್ಟಿಕೊಂಡು ಮಲಗಿದ್ದಳು. ಬೆಳಗಿನಿಂದ ಎರಡು ಸಲ ವಾಂತಿಯಾಗಿತ್ತು. ಮೊಣಕಾಲ ಕೆಳಗೆ ಸಾಸಿವೆ ಚೆಲ್ಲಿದ ಹಾಗೆ ಕೆಂಪು ಚುಕ್ಕೆಗಳು. ಲಸಿಕೆ ಹಾಕಿಸಿಕೊಂಡದ್ದು ಯಾವಾಗ ಎಂದು ಕೇಳಿದರೆ, ಈಚಿನ ಶಿಬಿರದಲ್ಲಿ ಎಂದು ಹೇಳುವಷ್ಟರಲ್ಲಿ ಅವಳ ನಾಲಿಗೆ ತೊಡರಿತು.

ಅವಳನ್ನು ಆಸ್ಪತ್ರೆಗೆ ಸಾಗಿಸಿ ಪ್ರಯೋಗಾಲಯದಲ್ಲಿ ಪ್ಲೇಟ್‌ಲೆಟ್ ಎಣಿಸಿದರೆ ಪಾತಾಳ ಕಂಡಿತು. ಎಣಿಸಿದ ಹುಡುಗಿ ಡೆಂಗಿ ಇರಬೇಕು, ಪ್ಲೇಟ್‌ಲೆಟ್ ತರಿಸೋಣವೇ ಎಂದಳು. ಒಂದು ಹನಿಯೂ ಬೇಡ ಎಂದು ಇಂದುಮತಿ ತಡೆದಳು. ಸ್ಕ್ಯಾನ್ ಮಾಡುವ ಯಂತ್ರವಿದ್ದದ್ದು ಜಿಲ್ಲಾ ಕೇಂದ್ರದಲ್ಲಿ. ಆ ಹಾಳು ರಸ್ತೆಯಲ್ಲಿ ಈ ತಲೆಯನ್ನು ಹೊತ್ತೊಯ್ಯುವ ಧೈರ್ಯ ಅವಳಿಗಾಗಲಿಲ್ಲ. ಬೇಕಾದ್ದೆಲ್ಲ ಹತ್ತು ಹೆಜ್ಜೆ ಆಚೆ, ಬೀರುವಿನೊಳಗೇ ಇತ್ತು.

ನಿಯಂತ್ರಣ ಕೊಠಡಿಗೆ ಕರೆ ಹಚ್ಚಿದಳು. ಪರದೆಯ ಮೇಲೆ ಶ್ರೀನಿಧಿ ಬಂದ. ಆ ಕೊಠಡಿಯ ಮುಖ್ಯಸ್ಥ, ಆಲಿಸುವಿಗೆ ಕನ್ನಡ ಕಲಿಸಿದ ತಂಡ ನಡೆಸಿದವನೂ ಅವನೇ. ಅವನ ಬೆನ್ನ ಹಿಂದೆ ಈ ಕಾಯಿಲೆ ಎಲ್ಲೆಲ್ಲಿ ಸಿಕ್ಕಿತೆಂದು ತೋರಿಸುವ ರಾಜ್ಯದ ನಕಾಶೆ ಹೊಳೆಯುತ್ತಿತ್ತು, ದಕ್ಷಿಣದಲ್ಲಿ ಕೆಂಪು ಚುಕ್ಕೆಗಳು, ಉತ್ತರದಲ್ಲಿ ಹಚ್ಚ ಹಸಿರು. ಕೆಟ್ಟವನಲ್ಲ, ವಿನಯವಂತ. ಇಂದುಮತಿ ಹೇಳಿದ್ದನ್ನೆಲ್ಲ ಪೂರ್ತಿ ಕೇಳಿದ. ತಮ್ಮ ಕಡೆ ಬೇನೆ ಅಂದರೆ ಹೆರಿಗೆ ನೋವೇ, ಯಂತ್ರಕ್ಕೆ ಕೇಳಿಸಿದ ದನಿಗಳೂ ಬಹುಪಾಲು ಈ ಕಡೆಯವೇ, ಆ ಕಡೆಗೆ ಹೋಗಿ ದನಿ ತರಲು ಸಮಯವಾಗಲಿಲ್ಲ ಎಂದು ಒಪ್ಪಿಕೊಂಡ. ಆದರೆ ಬೀರು ತೆರೆಯುವುದು ಅವನ ಕೈಯಲ್ಲಿ ಇರಲಿಲ್ಲ. ಸಾಬಮ್ಮನ ಹೆಸರಿನಲ್ಲಿ ಹೆರಿಗೆಯ ದಾಖಲೆ ತೆರೆದೇ ಇದೆ, ಅದು ಮುಗಿಯುವ ತನಕ ಯಂತ್ರ ಅವಳಿಂದ ಬೇರೆ ದೂರು ತೆಗೆದುಕೊಳ್ಳುವುದಿಲ್ಲ ಎಂದ.

ಹೇಗೆ ಮುಗಿಯುತ್ತದೆ ಎಂದು ಕೇಳಿದಳು.

“ಹೆರಿಗೆ, ಇಲ್ಲಾ ಮರಣ,” ಎಂದ ಶ್ರೀನಿಧಿ, ಕಣ್ಣು ತಪ್ಪಿಸಿ. “ಎರಡೇ ಆಯ್ಕೆ ಇರೋದು ಮೇಡಂ.”

ಇಂದುಮತಿ ಕರೆ ಕಡಿದಳು. ಬೈಯಲು ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡಳು, ಬೈಗುಳಕ್ಕೂ ಪುರುಸೊತ್ತು ಇರಲಿಲ್ಲ. ನೇರ ಹೋಗಿ, ಆಲಿಸುವಿನಲ್ಲಿ ಡಾಕ್ಟರಿಗೆ ಬಿಟ್ಟುಕೊಟ್ಟಿದ್ದ ಒಂದೇ ಒಂದು ಗುಂಡಿ ಒತ್ತಿದಳು: ಹೆರಿಗೆ ಆಯಿತು.

ಆಲಿಸು ಅಭಿನಂದನೆ ಹೇಳಿತು. ಮಗು ಗಂಡೋ ಹೆಣ್ಣೋ ಎಂದು ಕೇಳಿತು. ಹೆಣ್ಣು ಎಂದು ಒತ್ತಿದಳು. ತೂಕ ಕೇಳಿತು. ಎರಡೂವರೆ ಕಿಲೊ ಎಂದು ಒತ್ತಿದಳು. ಸ್ಟ್ರೆಚರ್ ಪಕ್ಕದಲ್ಲಿ ಮಗಳ ಕೈ ಹಿಡಿದು ನಿಂತಿದ್ದ ಅಂಬಕ್ಕ ಇದನ್ನೆಲ್ಲ ಕೇಳಿ, ಡಾಕ್ಟರಬಾಯಿಗೆ ತಲೆ ಕೆಟ್ಟಿತೋ ಏನೋ ಎಂದು ಬಾಯಿ ತೆರೆದು ನೋಡಿದಳು.

ಹೊಸ ದೂರಿಗೆ ದಾರಿ ತೆರೆಯಿತು. ಈಗ ಸಾಬಮ್ಮ ಆ ಸ್ಟೂಲಿನ ಮೇಲೆ ಕೂತು, ತನ್ನದೇ ದನಿಯಲ್ಲಿ ತಲೆನೋವು ಎನ್ನಬೇಕು. ತಪ್ಪಿ ಬ್ಯಾನಿ ಅಂದಳೋ, ಮತ್ತೆ ಬಸುರಿ. ಒಂದೇ ದಿನ ಅದೇ ಹೆಂಗಸು ಎರಡು ಸಲ ಹೆತ್ತಳೆಂದರೆ ಯಂತ್ರ ಆ ಹೆಸರನ್ನೇ ತಡೆಹಿಡಿಯುತ್ತಿತ್ತು.

ಆಲಿಸುವಿಗೆ ಕೇಳಿಸದಷ್ಟು ದೂರದಲ್ಲಿ, ಔಷಧಿ ಅಂಗಡಿಯ ಬೆಂಚಿನ ಮೇಲೆ ಪಾಠ ಶುರುವಾಯಿತು. ಇಂದುಮತಿ ಸಾಬಮ್ಮನ ಮುಖ ಎರಡೂ ಕೈಯಲ್ಲಿ ಹಿಡಿದು, ತಂಗಿ, ತಲೆನೋವು ಅನ್ನು, ತಲೆನೋವು, ಎಂದಳು. ಸಾಬಮ್ಮ, ತಲಿ, ಎಂದಳು. ಆಮೇಲೆ ಬ್ಯಾ. ಮತ್ತೆ ಹೇಳಿಕೊಟ್ಟಳು. ಮತ್ತೆ ಬ್ಯಾ. ನಾಲಿಗೆ ಭಾರವಾಗುತ್ತಿತ್ತು, ಬಲಗೈ ತೊಡೆಯ ಮೇಲಿಂದ ಜಾರಿ ಬಿತ್ತು. ಹುಟ್ಟಿದಾಗಿನಿಂದ ನೊಂದಾಗಲೆಲ್ಲ ಬಾಯಿಗೆ ಬರುತ್ತಿದ್ದ ಮಾತು ಅದು, ನೋವಿನ ನಟ್ಟನಡುವೆ ಅದನ್ನು ಬಿಡು ಎಂದರೆ ಎಲ್ಲಿ ಬಿಡಬೇಕು?

ಅಂಬಕ್ಕನಿಗೆ ತಡೆಯಲಾಗಲಿಲ್ಲ. “ಹೇಳ್ಯಾಳಲ್ರೀ ಆಕಿ. ನಿನ್ನೀನೂ ಹೇಳ್ಯಾಳ, ಇವತ್ತೂ ಹೇಳ್ಲಿಕತ್ಯಾಳ. ಸಾಯೂ ಹೊತ್ತಿನಾಗ ಆಕಿಗಿ ಯಾರ ಮಾತು ಕಲಸ್ಲಿಕತ್ತೀರಿ ನೀವು?”

ಇಂದುಮತಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಅವೆರಡನ್ನೂ ಬದಿಗಿಟ್ಟು ಅವಳು ಅಂಬಕ್ಕನಿಗೇ ಕೈ ಮುಗಿದಳು, ನೀನೇ ಹೇಳಿಕೊಡವ್ವಾ, ನಿನ್ನ ದನಿ ಆದರೆ ಹತ್ತುತ್ತದೆ ಎಂದಳು.

ಅಂಬಕ್ಕ ಕಣ್ಣೊರೆಸಿಕೊಂಡು ಮಗಳ ಕಿವಿಗೆ ಬಾಯಿ ಹಚ್ಚಿದಳು. ಕೂಸಿಗೆ ಮಾತು ಕಲಿಸುವಂತೆ, ತ, ಲೆ, ನೋ, ವು, ಎಂದು ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. ಅವಳ ಬಾಯಿಗೂ ಅದು ಹೊಸದೇ. ತಾಯಿ ಮಗಳು ಇಬ್ಬರೂ ಸೇರಿ ಆ ನಾಲ್ಕು ಅಕ್ಷರವನ್ನು ಹಲವು ಸಲ ಹೊರಳಿಸಿದರು. ಕೊನೆಗೆ ಸಾಬಮ್ಮನನ್ನು ಎತ್ತಿ ತಂದು ಸ್ಟೂಲಿನ ಮೇಲೆ ಕೂರಿಸಿ, ಬೀಳದಂತೆ ಎರಡೂ ಕಡೆ ಹಿಡಿದರು.

ಆಲಿಸು ಸಕ್ಕರೆಯಂಥ ದನಿಯಲ್ಲಿ, ನಿಮಗೇನು ತೊಂದರೆ ಎಂದು ಕೇಳಿತು.

ಸಾಬಮ್ಮ ತುಟಿ ಕೂಡಿಸಿದಳು. ಬ ಅನ್ನುವಂತೆಯೇ ಕಂಡಿತು. ಅಂಬಕ್ಕನ ಹಿಡಿತ ಬಿಗಿಯಾಯಿತು. ಸಾಬಮ್ಮ ತುಟಿ ಬಿಚ್ಚಿ, ಮತ್ತೆ ಉಸಿರು ತೆಗೆದುಕೊಂಡು, ಶಾಲೆಯಲ್ಲಿ ಪದ್ಯ ಒಪ್ಪಿಸುವ ಹುಡುಗಿಯ ಹಾಗೆ ಹೇಳಿದಳು:

“ತಲೆ. ನೋವು.”

ಲಸಿಕೆ ಹಾಕಿಸಿಕೊಂಡಿದ್ದೀರಾ ಎಂದು ಕೇಳಿತು. ಹ್ಞೂಂ ಎಂದಳು. ವಾಂತಿ ಆಗಿದೆಯೇ ಎಂದಿತು. ಹ್ಞೂಂ. ಹಸಿರು ದೀಪ ಬಂತು, ನಂಬರು ಬಂತು, ಒಳಕೋಣೆಯಲ್ಲಿ ಬೀರುವಿನ ಬೀಗ ಕಟಕ್ಕೆಂದಿತು. ಪಟ್ಟಿಯ ಮೇಲೆ ಹನಿ ರಕ್ತ ಬಿದ್ದ ಸ್ವಲ್ಪ ಹೊತ್ತಿಗೆ ಎರಡು ಗೆರೆ ಎದ್ದವು. ಕೆಳಗಿನ ಖಾನೆಯೂ ತೆರೆಯಿತು. ದೇಹ ತನ್ನ ಮೇಲೆ ತಾನೇ ನಡೆಸಿದ್ದ ದಾಳಿಯನ್ನು ತಣಿಸುವ ಔಷಧಿ ಸಾಬಮ್ಮನ ಎಡಗೈಯೊಳಗೆ ಹನಿಯತೊಡಗಿದ ಮೇಲೆ ಇಂದುಮತಿ ಹೊರಗೆ ಬಂದು, ಗೋಡೆಯ ಮೇಲಿನ ಆ ಯಂತ್ರದ ಎದುರು ನಿಂತು, ಇಷ್ಟು ಹೊತ್ತು ನುಂಗಿಕೊಂಡಿದ್ದನ್ನೆಲ್ಲ ತಾನು ಹುಟ್ಟಿದ ಬೀದರ್ ಸೀಮೆಯ ಅಪ್ಪಟ ಭಾಷೆಯಲ್ಲಿ ಕಕ್ಕಿದಳು. ಅರ್ಥವಾಗಲಿಲ್ಲ, ದಯವಿಟ್ಟು ಮತ್ತೊಮ್ಮೆ ಹೇಳಿ ಎಂದಿತು ಅದು.

ಸಾಬಮ್ಮ ಬದುಕಿದಳು. ಒಂದು ದಿನ ಮೊದಲೇ ಔಷಧಿ ಸಿಕ್ಕಿದ್ದರೆ ಪೂರ್ತಿ ಬದುಕುತ್ತಿದ್ದಳು. ಬಲಗೈಯ ಬೆರಳುಗಳು ಮಡಚಲೊಲ್ಲವು. ಮಾತು ಬರುತ್ತದೆ, ಆದರೆ ಒಂದೊಂದನ್ನೂ ಹುಡುಕಿ ತರಬೇಕು. ಖಾನಾವಳಿಗೆ ಈಗ ಬಾಡಿಗೆಯ ಹೆಂಗಸೊಬ್ಬಳು ಬಂದು ರೊಟ್ಟಿ ಬಡಿಯುತ್ತಾಳೆ, ಸಾಬಮ್ಮ ಎಡಗೈಯಲ್ಲಿ ಹಿಟ್ಟು ಸರಿಸಿಕೊಡುತ್ತ ಪಕ್ಕದಲ್ಲಿ ಕೂರುತ್ತಾಳೆ. ಹುಟ್ಟದ ಆ ಎರಡೂವರೆ ಕಿಲೊ ಹೆಣ್ಣುಮಗುವನ್ನು ಪೋಲಿಯೊ ಹನಿಗೆ ಕರೆತನ್ನಿರೆಂದು ಅವಳ ಫೋನಿಗೆ ಸಂದೇಶ ಬರುತ್ತಲೇ ಇದೆ.

ಇಂದುಮತಿ ಮೇಲಿನವರಿಗೆ ಬರೆದಳು, ಕರೆ ಮಾಡಿದಳು, ಎರಡು ಸಲ ಹೋಗಿ ಕೂತಳು. ನಾಲ್ಕು ಜಿಲ್ಲೆಯಲ್ಲಿ ಬ್ಯಾನಿ ಎಂದವರ ದನಿಗಳನ್ನೆಲ್ಲ ಮತ್ತೆ ಕೇಳಿ, ಇನ್ನೂ ಎಷ್ಟು ಜನ ಹೀಗೆ ಮನೆಗೆ ಹೋಗಿದ್ದಾರೆ ನೋಡಿ ಎಂದಳು. ಲಸಿಕೆ ಒಳ್ಳೆಯದು, ಅದಕ್ಕೇ ಹೇಳುತ್ತಿದ್ದೇನೆ, ಒಬ್ಬರ ನೋವು ಮುಚ್ಚಿಟ್ಟರೆ ನಾಳೆ ಸಾವಿರ ಜನ ತೋಳು ಕೊಡುವುದಿಲ್ಲ ಎಂದಳು. ಉತ್ತರ ಬಂತು. ಯಂತ್ರದ ಭಾಷೆ ತಿದ್ದುವುದು ಮುಂದಿನ ಹಂತದ ಯೋಜನೆಯಲ್ಲಿದೆಯಂತೆ. ಸದ್ಯಕ್ಕೆ ಜನಜಾಗೃತಿ.

ಜನಜಾಗೃತಿ ಬಣ್ಣದ ಭಿತ್ತಿಚಿತ್ರವಾಗಿ ಬಂತು. ‘ನೋವನ್ನು ಸರಿಯಾಗಿ ಹೇಳೋಣ’. ಒಂದು ಕಡೆ ಬ್ಯಾನಿ ಎಂದು ಬರೆದು ಕೆಂಪು ಗೀಟು, ಇನ್ನೊಂದು ಕಡೆ ತಲೆನೋವು ಎಂದು ಬರೆದು ಹಸಿರು ಗೀಟು. ತಪ್ಪು ಯಂತ್ರದ್ದು, ತಿದ್ದುಪಡಿ ನಾಲ್ಕು ಜಿಲ್ಲೆಯ ಬಾಯಿಗೆ! ಆಸ್ಪತ್ರೆಯ ಅಂಗಳದಲ್ಲಿ ಶಾಮಿಯಾನ ಹಾಕಿ, ಸುತ್ತಲಿನ ಹಳ್ಳಿಗಳ ಹೆಂಗಸರನ್ನು ಕರೆಸಿ, ಆಲಿಸುವನ್ನೇ ಬಿಚ್ಚಿ ತಂದು ವೇದಿಕೆಯ ಮೇಲೆ ನಿಲ್ಲಿಸಿದರು. ಜಿಲ್ಲೆಯಿಂದ ಬಂದ ಅಧಿಕಾರಿ ಮಹಿಳೆ ಸಾಬಮ್ಮನನ್ನು ಮೇಲೆ ಕರೆದಳು. ಸರಿಯಾದ ಮಾತಾಡಿ ಜೀವ ಉಳಿಸಿಕೊಂಡ ಸಹೋದರಿ ಎಂದು ಪರಿಚಯಿಸಿ, ಅದನ್ನೇ ಎಲ್ಲರಿಗೂ ಒಮ್ಮೆ ಹೇಳಿ ತೋರಿಸು ಎಂದಳು.

ಸಾಬಮ್ಮ ಸ್ಟೂಲಿನ ಮೇಲೆ ಕೂತಳು. ಬಗ್ಗದ ಬಲಗೈಯನ್ನು ಎಡಗೈಯಿಂದ ಎತ್ತಿ ಮಡಿಲಲ್ಲಿಟ್ಟುಕೊಂಡಳು. ಮಾತಿಗಾಗಿ ಹುಡುಕುತ್ತಿದ್ದಾಳೆ ಎಂದು ಎಲ್ಲರೂ ಕಾದರು.

“ತಲಿ ಬ್ಯಾನಿ,” ಎಂದಳು.

ಹೆರಿಗೆ ವಿಭಾಗಕ್ಕೆ ಹೋಗಿ ಎಂದಿತು ಆಲಿಸು. ಅಧಿಕಾರಿ ಗಲಿಬಿಲಿಯಾಗಿ ನಕ್ಕಳು, ಇನ್ನೊಮ್ಮೆ ಪ್ರಯತ್ನಿಸೋಣ ಎಂದಳು. ಸಾಬಮ್ಮ ಎದ್ದಾಗಿತ್ತು. ಆ ಜಾಗದಲ್ಲಿ ಅಂಬಕ್ಕ ಬಂದು ಕೂತಳು. ತಲಿ ಬ್ಯಾನಿ ಎಂದಳು. ಅವಳಿಗೂ ಹೆರಿಗೆ ವಿಭಾಗ. ಮುಂದಿನ ಸಾಲಿನಿಂದ ಆಟೊ ಚಾಲಕನ ಹೆಂಡತಿ ಎದ್ದು ಬಂದಳು, ಬೋಳು ಹಣೆ. ಅವಳ ಹಿಂದೆ ಕೋಲೂರಿಕೊಂಡು ಒಬ್ಬ ಮುದುಕಿ. ಆಮೇಲೆ ಶಾಮಿಯಾನದಲ್ಲಿ ಕೂತವರೆಲ್ಲ ಎದ್ದು ಸಾಲು ಹಿಡಿದರು. ಯಾರೂ ಕರೆದಿರಲಿಲ್ಲ. ಇಂದುಮತಿ ತಡೆಯಬಹುದಿತ್ತು, ಅಧಿಕಾರಿ ಅದನ್ನೇ ಕಣ್ಸನ್ನೆ ಮಾಡುತ್ತಿದ್ದಳು. ಇಂದುಮತಿ ಮುದುಕಿಗೆ ಅನುಕೂಲವಾಗಲೆಂದು ಸ್ಟೂಲನ್ನು ಸ್ವಲ್ಪ ಮುಂದೆ ಸರಿಸಿಕೊಟ್ಟಳು.

ಯಂತ್ರಕ್ಕೆ ಒಂದು ನಿಯಮವಿತ್ತು. ಹೆರಿಗೆ ಬೇನೆ ಎಂದು ದಾಖಲಾದ ಪ್ರತಿ ಹೆಣ್ಣಿಗೂ ನಿಯಂತ್ರಣ ಕೊಠಡಿಯಿಂದ ಫೋನು ಮಾಡಿ ವಿಚಾರಿಸಬೇಕು, ಒಂದೇ ಊರಿನಿಂದ ಒಮ್ಮೆಗೇ ಹಲವರು ದಾಖಲಾದರೆ ಮುಖ್ಯಸ್ಥನೇ ಖುದ್ದಾಗಿ ವಿಚಾರಿಸಬೇಕು, ವಿಚಾರಿಸುವ ತನಕ ಅವನ ಪರದೆಯ ಮೇಲಿನ ಕೆಂಪು ದೀಪ ಆರುವುದಿಲ್ಲ. ಮೊದಲ ಸಲ ಬಂದ ಕರೆಯನ್ನು ಸಾಬಮ್ಮ ತಲೆ ಸಿಡಿತಕ್ಕೆ ಎತ್ತಿರಲಿಲ್ಲ. ಈ ಸಲ ಫೋನು ಕೈಯಲ್ಲಿ ಹಿಡಿದೇ ಕೂತಿದ್ದಳು. ಅದು ಹೊಡೆದುಕೊಂಡಾಗ ಇಂದುಮತಿ ಸ್ಪೀಕರ್ ಹಾಕಿಕೊಟ್ಟಳು.

ಶ್ರೀನಿಧಿಯ ದನಿ ದಣಿದಿತ್ತು. ಅವನ ಪರದೆಯ ಮೇಲೆ ಒಂದೇ ಊರಿನ ಹೆಸರಿನಲ್ಲಿ ಕೆಂಪು ದೀಪಗಳು ಸಾಲುಸಾಲಾಗಿ ಹೊತ್ತಿಕೊಂಡಿರಬೇಕು. ಆದರೂ ನಿಯಮದಲ್ಲಿ ಬರೆದುಕೊಟ್ಟ ಪ್ರಶ್ನೆಯನ್ನೇ ಕೇಳಿದ.

“ಅಮ್ಮಾ, ನಿಮಗೆ ಎಷ್ಟನೇ ತಿಂಗಳು?”

ಸಾಬಮ್ಮ ಒಂದೊಂದೇ ಮಾತು ಹುಡುಕಿ ತಂದಳು. ಎಲ್ಲರೂ ಕಾದರು. ಅವನೂ ಕಾಯಬೇಕಾಯಿತು.

“ತಲಿಗಿ... ಎಷ್ಟನೇ ತಿಂಗಳಂತ... ನಿಮ್ಮ ಮಿಷನ್ನಿಗೇ... ಕೇಳ್ರಿ ಸಾಹೇಬ್ರ.”

ಆ ಕಡೆ ಕರೆ ಕಡಿಯಿತು, ಅಂಬಕ್ಕನ ಸೊಂಟದ ಚೀಲದಲ್ಲಿದ್ದ ಫೋನು ಹೊಡೆದುಕೊಳ್ಳತೊಡಗಿತು.